ರಾಯಚೂರು ಸ್ಟೇಷನ್ನು: ಎಡೆದೊರೆ ನಾಡಿಗೆ ಉಗಿಬಂಡಿ ಬಂದ ಬಗೆ

ಮುದಗಲ್ಲಿನ ಹಿಂದಿನ ತಲೆಮಾರಿನವರು ತಮ್ಮ ಊರಿನಲ್ಲಿ ರೈಲು ಸ್ಟೇಷನ್ನನ್ನು ಕಂಡವರಲ್ಲ. ಹೀಗಿದ್ದರೂ ಮನೆಯ ಹಿರಿಯರು ‘ನಾಳೆ ಸ್ಟೇಷನ್ನಿಗೆ ಬಂಡಿ ಹೂಡಬೇಕು’ ಎಂದರೆ, ಅದು ಯಾವ ಊರಿನ ಸ್ಟೇಷನ್ನು ಎಂದು ಯಾರೂ ಕೇಳುತ್ತಿರಲಿಲ್ಲ. ಸುಮಾರು ೭೦ ಮೈಲಿ ದೂರದ ರಾಯಚೂರೇ ಅವರ ಸ್ಟೇಷನ್ನು. ತಿರುಪತಿಯ ಯಾತ್ರೆಗೆ ಹೊರಟವರು, ಬೊಂಬಾಯಿಯಲ್ಲಿ ಕೆಲಸ ಹುಡುಕಿಕೊಂಡು ಹೋಗುವವರು, ಮಗಳನ್ನು ದೂರದ ಊರಿಗೆ ಕೊಟ್ಟವರು, ದಾವೆಯ ಸಲುವಾಗಿ ಹೈದರಾಬಾದಿಗೆ ಅಲೆಯುವವರು, ಇವರೆಲ್ಲರೂ ಆ ಬಾಗಿಲನ್ನು ದಾಟಿಯೇ ಹೊರನಾಡನ್ನು ಕಾಣಬೇಕಾಗಿದ್ದಿತು. ಆ ಸ್ಟೇಷನ್ನಿನ ಪೂರ್ವಕಥೆಯನ್ನು ವಾಚಕರ ಮುಂದಿಡಬೇಕೆಂಬ ಅಪೇಕ್ಷೆಯು ನಮಗೆ ಬಹು ದಿನಗಳಿಂದ ಇದ್ದಿತು. ಮುದಗಲ್ಲಿನ ಸೀಮೆಯಲ್ಲಿಯೇ ಹೊಸ ಹಳಿಯೊಂದರ ಮಾತು ನಡೆದಿರುವದರಿಂದ ಆ ಅಪೇಕ್ಷೆಗೆ ಈಗ ಒಂದು ನಿಮಿತ್ತವೂ ಒದಗಿದೆ.

ಕೃಷ್ಣಾ ತುಂಗಭದ್ರೆಗಳ ನಡುವಿನ ಈ ಭೂಮಿಗೆ ನಮ್ಮ ಹಳೆಯ ಶಾಸನಗಳು ಎಡೆದೊರೆ ನಾಡು ಎಂಬ ಅಚ್ಚಗನ್ನಡದ ಹೆಸರನ್ನು ಕೊಟ್ಟಿವೆ. ಎರಡು ತೊರೆಗಳ ಎಡೆಯಲ್ಲಿರುವದರಿಂದ ಆ ಹೆಸರು. ಪಾರಸಿ ಬಲ್ಲವರು ಇದನ್ನೇ ದೋಆಬ ಎಂದರು. ಚಾಲುಕ್ಯ ಚೋಳರ ಕಾಲದಿಂದ ವಿಜಾಪುರದ ಆದಿಲಶಾಹಿಯ ಕಾಲದ ವರೆಗೆ ಈ ನೆಲಕ್ಕಾಗಿ ನಡೆದ ಕಾಳಗಗಳಿಗೆ ಲೆಕ್ಕವಿಲ್ಲ. ಬಹಮನಿ ಮತ್ತು ವಿಜಯನಗರದ ಅರಸರ ಜಗಳಗಳಲ್ಲಂತೂ ರಾಯಚೂರು ಮುದಗಲ್ಲು ಎಂಬ ಎರಡು ಕೋಟೆಗಳ ಹೆಸರು ಅವಳಿಮಕ್ಕಳ ಹೆಸರಿನಂತೆ ಜೊತೆಯಾಗಿಯೇ ಕೇಳಬರುವವು. ಮುದಗಲ್ಲಿನ ಅಕ್ಕಸಾಲಿಗನೊಬ್ಬನ ಮಗಳ ಚೆಲುವಿಕೆಯನ್ನು ಕೇಳಿ ದೇವರಾಯನು ದಂಡೆತ್ತಿ ಬಂದನೆಂದೂ, ಅದರಿಂದಲೇ ೧೪೦೬ರ ಸುಮಾರಿಗೆ ಫಿರೋಜಶಹನೊಡನೆ ಯುದ್ಧವಾಯಿತೆಂದೂ ಇತಿಹಾಸಕಾರನಾದ ಫಿರಿಸ್ತನು ಬರೆದಿದ್ದಾನೆ. ಅದು ಎಷ್ಟು ನಿಜವೋ ಎಷ್ಟು ಕಥೆಯೋ, ಮುದಗಲ್ಲಿನ ಹೆಸರು ಅರಸರ ಕಿವಿಗೆ ಬೀಳುವಷ್ಟು ದೊಡ್ಡದಾಗಿದ್ದಿತೆಂಬದಂತೂ ಅದರಿಂದ ತಿಳಿಯುವದು. ೧೫೨೦ರಲ್ಲಿ ಕೃಷ್ಣದೇವರಾಯನು ರಾಯಚೂರನ್ನು ಗೆದ್ದ ಸಂಗತಿಯನ್ನು ನಮ್ಮ ಶಾಲೆಯ ಮಕ್ಕಳೂ ಬಲ್ಲರು.

ರಾಯಚೂರು ಕೋಟೆಯ ಗೋಡೆಯಲ್ಲಿ ೪೧ ಅಡಿಯಷ್ಟು ಉದ್ದದ ಒಂದು ಕಲ್ಲು ಇದೆ. ಅದರ ಮೇಲೆ ೧೨೯೪ನೆಯ ಇಸವಿಯ ಶಾಸನವಿದ್ದು, ಆ ಕಲ್ಲನ್ನೇ ಗಾಲಿಯ ಬಂಡಿಯ ಮೇಲಿರಿಸಿ, ಜೋಡಿ ಜೋಡಿಯಾಗಿ ಪಶುಗಳನ್ನು ಹೂಡಿ ಎಳೆದು ತಂದ ಚಿತ್ರವನ್ನೂ ಅಲ್ಲಿ ಕೊರೆದಿದ್ದಾರೆ. ಅಂದಿನ ಜನರಿಗೆ ಕೋಟೆಯನ್ನು ಕಟ್ಟಿದ್ದಕ್ಕಿಂತ ಕಲ್ಲನ್ನು ಸಾಗಿಸಿದ್ದೇ ದೊಡ್ಡ ಸಾಹಸವಾಗಿ ಕಂಡಿತೋ ಏನೋ! ಈ ನಾಡಿನಲ್ಲಿ ಭಾರವನ್ನು ದೂರಕ್ಕೆ ಒಯ್ಯುವ ಕೆಲಸವು ಅದರ ನಂತರವೂ ಐದುನೂರ ಎಪ್ಪತ್ತು ವರ್ಷಗಳಿಗೆ ಮಿಕ್ಕಿ ಎತ್ತು ಕೋಣಗಳ ಹೆಗಲಿನ ಮೇಲೆಯೇ ನಡೆಯಿತು.

೧೮೫೩ನೆಯ ಇಸವಿಯ ಬೇಸಗೆಯನ್ನು ನಾವು ಇಲ್ಲಿ ವಿಶೇಷವಾಗಿ ನೆನೆಯಬೇಕು. ಆ ವರ್ಷದ ಏಪ್ರಿಲ್ ೧೬ರಂದು ಬೊಂಬಾಯಿಯಿಂದ ಠಾಣೆಗೆ ನಮ್ಮ ದೇಶದ ಮೊದಲನೆಯ ಪ್ರಯಾಣಿಕರ ಉಗಿಬಂಡಿಯು ಓಡಿತು. ನಾಲ್ಕು ದಿನಗಳ ತರುವಾಯ ಗವರ್ನರ್ ಜನರಲ್ ಡಾಲ್‌ಹೌಸಿಯು ಹಿಂದುಸ್ತಾನದ ದೊಡ್ಡ ಪಟ್ಟಣಗಳನ್ನು ಹಳಿಗಳಿಂದ ಜೋಡಿಸಬೇಕೆಂಬ ತನ್ನ ಹೆಸರಾದ ಟಿಪ್ಪಣಿಗೆ ಸಹಿ ಹಾಕಿದನು. ಮುಂದೆ ಒಂದು ತಿಂಗಳಿಗೆ, ಮೇ ೨೧ರಂದು, ದಂಡಿನ ಸಾಲದ ಬಾಕಿಗಾಗಿ ನಿಜಾಮ ಸರಕಾರವು ವರ್ಹಾಡ ಪ್ರಾಂತವನ್ನೂ ರಾಯಚೂರು ದೋಆಬವನ್ನೂ ಕಂಪನಿ ಸರಕಾರದ ಆಡಳಿತಕ್ಕೆ ಒಪ್ಪಿಸಿಕೊಟ್ಟಿತು. ಹೀಗೆ ನಮ್ಮ ನಾಡು ಇಂಗ್ಲಿಷರ ಕೈಗೆ ಬಂದದ್ದೂ ಹಳಿಯ ನಕಾಶೆಯು ಅವರ ಮೇಜಿನ ಮೇಲೆ ಹರಡಿದ್ದೂ ಒಂದೇ ಋತುವಿನಲ್ಲಿ. ೧೮೬೦ರಲ್ಲಿ ದೋಆಬವು ನಿಜಾಮರಿಗೆ ಮರಳಿತು; ನಕಾಶೆಯ ಗೆರೆಯು ಮಾತ್ರ ಅಳಿಯಲಿಲ್ಲ.

ಆ ಗೆರೆಯನ್ನು ಎಳೆದವರ ಕಣ್ಣು ಬೊಂಬಾಯಿ ಮದರಾಸುಗಳ ಮೇಲೆ ಇದ್ದಿತೇ ಹೊರತು ಎಡೆದೊರೆಯ ಮೇಲೆ ಇರಲಿಲ್ಲವೆಂಬದನ್ನು ಮರೆಯಬಾರದು. ದಂಡನ್ನು ಬೇಗ ಸಾಗಿಸಬೇಕು, ಟಪ್ಪಾಲು ಬೇಗ ಮುಟ್ಟಬೇಕು, ಒಳನಾಡಿನ ಹತ್ತಿಯು ಬಂದರಕ್ಕೆ ಇಳಿಯಬೇಕು, ಇವೇ ಅವರ ಲೆಕ್ಕಗಳು. ಅಮೇರಿಕೆಯಲ್ಲಿ ೧೮೬೧ರಿಂದ ೧೮೬೫ರ ವರೆಗೆ ನಡೆದ ಅಂತರ್ಯುದ್ಧದಿಂದಾಗಿ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಸಿಗದಂತಾಗಿ, ನಮ್ಮ ಕರಿಯ ನೆಲದ ಹತ್ತಿಗೆ ಬಂಗಾರದ ಬೆಲೆ ಬಂದಾಗ ಆ ಲೆಕ್ಕಕ್ಕೆ ಇನ್ನಷ್ಟು ಬಲ ಬಂದಿತು. ಕಂಪನಿಗಳಿಗಾದರೂ ನಷ್ಟದ ಭಯವಿರಲಿಲ್ಲ. ಹಾಕಿದ ಬಂಡವಲಿಗೆ ನೂರಕ್ಕೆ ೫ರಂತೆ ಬಡ್ಡಿಯನ್ನು ಸರಕಾರವೇ ಜಾಮೀನು ನಿಂತಿದ್ದಿತು. ಆ ಬಡ್ಡಿಯ ಭಾರವು ಕಡೆಗೆ ಯಾರ ತಲೆಯ ಮೇಲೆ ಬಿದ್ದಿತೆಂಬದನ್ನು ಬೇರೆ ಹೇಳಬೇಕಾದುದಿಲ್ಲ.

ಕೆಲಸವು ಎರಡು ತುದಿಗಳಿಂದ ಸಾಗಿತು. ಬೊಂಬಾಯಿಯ ಕಡೆಯಿಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ಎಂಬ ಉದ್ದ ಹೆಸರಿನ ಕಂಪನಿಯವರು, ಜನರ ಬಾಯಲ್ಲಿ ಜಿ. ಐ. ಪಿ.ಯವರು, ೧೮೬೦ರ ಹೊತ್ತಿಗೆ ಸೊಲ್ಲಾಪುರವನ್ನು ಮುಟ್ಟಿದರು. ೧೮೬೩ರಲ್ಲಿ ಭೋರ ಘಾಟದ ಏರು ಸಿದ್ಧವಾಗಿ ಅವರ ಹಾದಿಯು ಅಖಂಡವಾಯಿತು. ಅಲ್ಲಿಂದ ಮುಂದೆ ಕಲಬುರ್ಗಿ, ವಾಡಿ, ಯಾದಗಿರಿಗಳ ಮೇಲಿಂದ ತೆಂಕಣಕ್ಕೆ ಇಳಿದು ಬಂದರು. ಮದರಾಸು ಕಂಪನಿಯವರು ಅರಕೋಣದಿಂದ ಕವಲೊಡೆದು ರೇಣಿಗುಂಟೆ, ಕಡಪೆ, ತಾಡಪತ್ರಿ, ಗುತ್ತಿ, ಗುಂತಕಲ್ಲು, ಆದವಾನಿಗಳ ಹಾದಿ ಹಿಡಿದು ಬಡಗಣಕ್ಕೆ ಏರಿ ಬಂದರು. ಬಳ್ಳಾರಿಯಂಥ ದೊಡ್ಡ ದಂಡಿನ ಊರು ಕೂಡ ಮುಖ್ಯ ಹಳಿಯ ಮೇಲೆ ಬೀಳದೆ, ಗುಂತಕಲ್ಲಿನಿಂದ ಬರುವ ಕವಲಿನಿಂದಲೇ ತೃಪ್ತಿಪಡಬೇಕಾಯಿತು. ಮುದಗಲ್ಲಿನ ಹೆಸರಂತೂ ಆ ಎಂಜಿನಿಯರರ ನೆನಪಿಗೆ ಬಂದಿರಲಾರದು.

ಎಡೆದೊರೆಗೆ ಕಾಲಿಡಬೇಕಾದರೆ ಇಬ್ಬರೂ ಒಂದೊಂದು ಹೊಳೆಯನ್ನು ದಾಟಬೇಕು. ಮದರಾಸಿನವರ ಪಾಲಿಗೆ ತುಂಗಭದ್ರೆಯು ಬಂದಿತು, ಬೊಂಬಾಯಿಯವರ ಪಾಲಿಗೆ ಕೃಷ್ಣೆ. ಬೊಂಬಾಯಿಯ ಎಂಜಿನಿಯರರು ಭೀಮೆಯು ಕೃಷ್ಣೆಯನ್ನು ಕೂಡಿದ ಸ್ಥಳದ ಕೆಳಗಡೆ ಸೇತುವೆಯ ಜಾಗವನ್ನು ಆರಿಸಿದ್ದರಿಂದ ಎರಡು ನದಿಗಳ ನೀರಿಗೂ ಒಂದೇ ಸೇತುವೆಯು ಸಾಲಬೇಕಾಯಿತು. ಅದು ಮುಕ್ಕಾಲು ಮೈಲಿಗೆ ಸಮೀಪವಾದ ಉದ್ದದ್ದು. ಬೇಸಗೆಯಲ್ಲಿ ಬಂಡೆಗಳ ನಡುವೆ ಮೊಣಕಾಲುದ್ದಕ್ಕೆ ಹರಿಯುವ ಕೃಷ್ಣೆಯನ್ನು ಕಂಡವರಿಗೆ ಇಷ್ಟು ದೊಡ್ಡ ಸೇತುವೆ ಏಕೆಂದು ಅನಿಸುವದು. ಶ್ರಾವಣದಲ್ಲಿ ದಡ ತುಂಬಿ ಬರುವ ಕೆಂಪು ನೀರನ್ನು ಕಂಡವರು ಆ ಪ್ರಶ್ನೆಯನ್ನು ಕೇಳರು. ಮಣ್ಣಗೆದು ದಿಂಡು ಕಟ್ಟಿದವರು, ಕಲ್ಲೊಡೆದವರು, ಬುಟ್ಟಿ ಹೊತ್ತ ಹೆಂಗಸರು, ಸುಣ್ಣ ಅರೆದವರು, ಇವರ ಹೆಸರುಗಳನ್ನು ಯಾವ ಕಲ್ಲಿನ ಮೇಲೆಯೂ ಕೊರೆಯಲಿಲ್ಲ. ೧೨೯೪ರ ಕಲ್ಲಿನವರು ಬಂಡಿಯನ್ನೆಳೆದ ಪಶುಗಳನ್ನಾದರೂ ಚಿತ್ರಿಸಿಟ್ಟರು!

೧೮೭೧ರಲ್ಲಿ ಎರಡು ಹಳಿಗಳು ರಾಯಚೂರಿನಲ್ಲಿ ಕೂಡಿದವು. ಬೊಂಬಾಯಿಯು ಇಲ್ಲಿಂದ ಸುಮಾರು ೪೪೦ ಮೈಲಿ, ಮದರಾಸು ಸುಮಾರು ೩೫೦ ಮೈಲಿ. ಒಂದು ಸಮುದ್ರದಿಂದ ಇನ್ನೊಂದು ಸಮುದ್ರಕ್ಕೆ ಹಡಗು ಹತ್ತದೆ ಹೋಗುವ ಹಾದಿಯು ಹೀಗೆ ನಮ್ಮ ಎಡೆದೊರೆಯ ನಡುನೆಲದಲ್ಲಿ ಪೂರ್ತಿಯಾಯಿತು. ಮೂರು ವರ್ಷಗಳ ಮೇಲೆ, ೧೮೭೪ರಲ್ಲಿ, ನಿಜಾಮ ಸರಕಾರದ ಹಣದಿಂದ ವಾಡಿಯಿಂದ ಸಿಕಂದರಾಬಾದಿಗೆ ಹಳಿ ಬಿದ್ದು, ರಾಯಚೂರಿನವರು ರಾಜಧಾನಿಗೂ ರೈಲಿನಲ್ಲಿಯೇ ಹೋಗುವಂತಾಯಿತು. ಆದರೆ ಅದಕ್ಕಾಗಿ ಮೊದಲು ಬಡಗಣಕ್ಕೆ ವಾಡಿಗೆ ಹೋಗಿ, ಅಲ್ಲಿಂದ ಮೂಡಣಕ್ಕೆ ತಿರುಗಬೇಕು. ಈ ಸುತ್ತು ಹಾದಿಯು ತಪ್ಪುವದಕ್ಕೆ ಎಷ್ಟು ಕಾಲ ಹಿಡಿಯಿತೆಂಬದನ್ನು ಮುಂದೆ ಹೇಳುವೆವು.

ಎರಡು ಕಂಪನಿಗಳು ಕೂಡಿದ ಸ್ಟೇಷನ್ನಿನ ಬಾಳುವೆಯು ಇಬ್ಬರು ಯಜಮಾನರಿರುವ ಮನೆಯಂತೆ. ಹಳಿಗಳ ಅಗಲವು ಒಂದೇ, ಅಂದರೆ ಐದೂವರೆ ಅಡಿ, ಆದುದರಿಂದ ಡಬ್ಬಿಗಳು ನಿಲ್ಲದೆ ಮುಂದೆ ಸಾಗಬಹುದಾಗಿದ್ದಿತು. ಆದರೆ ಲೆಕ್ಕಪತ್ರಗಳು ಬೇರೆ, ಅಧಿಕಾರಿಗಳು ಬೇರೆ, ಚಾಕರಿಯವರು ಬೇರೆ. ಬೊಂಬಾಯಿಯ ಕಡೆಯವರು ಮರಾಠಿಯಲ್ಲಿ ಕೂಗಿದರೆ ಮದರಾಸಿನ ಕಡೆಯವರು ತಮಿಳು ತೆಲುಗುಗಳಲ್ಲಿ ಉತ್ತರ ಕೊಡುವರು. ನಿಜಾಮ ಸರಕಾರದ ಕಚೇರಿಯ ಭಾಷೆಯು ಮೊದಲು ಪಾರಸಿ, ತರುವಾಯ ಉರ್ದು. ಕನ್ನಡವು ಊರಿನ ಭಾಷೆಯಾಗಿದ್ದು, ಹಮಾಲರ, ಬಂಡಿಯವರ, ಬುತ್ತಿ ಗಂಟನ್ನು ಬಗಲಲ್ಲಿಟ್ಟುಕೊಂಡು ಕುಳಿತ ಹಳ್ಳಿಯ ಮುದುಕಿಯರ ಬಾಯಲ್ಲಿ ಕೇಳುತ್ತಿದ್ದಿತು.

ಇಷ್ಟೇ ಅಲ್ಲ. ಸ್ಟೇಷನ್ನಿನ ಸುತ್ತಲಿನ ಊರು ನಿಜಾಮರದು. ಹಳಿಯ ಕೆಳಗಿನ ನೆಲದ ಮೇಲಿನ ನ್ಯಾಯಾಧಿಕಾರವನ್ನು ಮಾತ್ರ ಇಂಗ್ಲಿಷರಿಗೆ ಬಿಟ್ಟುಕೊಟ್ಟಿದ್ದರು. ಪ್ಲಾಟಫಾರ್ಮಿನಿಂದ ಇಳಿದು ಹತ್ತು ಹೆಜ್ಜೆ ನಡೆದರೆ ಬೇರೊಂದು ರಾಜ್ಯ! ಊರಿನೊಳಗೆ ಚಲಾವಣೆಯಾಗುವದು ಹಾಲಿ ಸಿಕ್ಕಾ ರೂಪಾಯಿ, ರೈಲಿನವರು ಕೇಳುವದು ಇಂಗ್ಲಿಷರ ಕಲ್ದಾರ ರೂಪಾಯಿ. ೧೦೦ ಕಲ್ದಾರಿಗೆ ಸುಮಾರು ೧೧೬ ಹಾಲಿ ಕೊಡಬೇಕು. ಲೆಕ್ಕ ಬಾರದ ಹಳ್ಳಿಗನು ಈ ಚಿಲ್ಲರೆಯ ವ್ಯವಹಾರದಲ್ಲಿಯೇ ಒಂದೆರಡಾಣೆ ಕಳೆದುಕೊಂಡು ಟಿಕೀಟು ಕೊಳ್ಳುವನು. ಹೊರಗಿನಿಂದ ಬಂದ ಮಾಲಿನ ಮೇಲೆ ನೂರಕ್ಕೆ ೫ರಂತೆ ಕರೋಡಗಿರಿಯ ಸುಂಕ ಬೇರೆ. ಸೀರೆಯ ಗಂಟು, ತಾಮ್ರದ ಹಂಡೆ, ಮದುವೆಯ ಜವಳಿ, ಏನೇ ಇರಲಿ, ಸುಂಕದವರ ಮುಂದೆ ಬಿಚ್ಚಿ ತೋರಿಸಬೇಕಾಗುತ್ತಿದ್ದಿತು.

ಗಡಿಯಾರದ ಸಂಗತಿಯು ಇನ್ನೂ ಸ್ವಾರಸ್ಯವಾದುದು. ಆ ಕಾಲದಲ್ಲಿ ಒಂದೊಂದು ಊರಿಗೂ ಅದರದೇ ಸೂರ್ಯನು, ಅದರದೇ ಮಧ್ಯಾಹ್ನ. ಬೊಂಬಾಯಿಗೂ ಮದರಾಸಿಗೂ ಅರ್ಧ ಗಂಟೆಯಷ್ಟು ಅಂತರವಿದ್ದಿತು. ಎರಡೂ ಕಡೆಯ ಬಂಡಿಗಳು ಒಂದೇ ಸ್ಟೇಷನ್ನಿಗೆ ಬರುವಾಗ ಯಾರ ವೇಳೆಯನ್ನು ನಂಬುವದು? ಆದುದರಿಂದ ೧೮೭೦ರ ಸುಮಾರಿನಿಂದ ರೈಲಿನವರು ಮದರಾಸಿನ ವೇಳೆಯನ್ನೇ ಎಲ್ಲೆಡೆಯಲ್ಲಿಯೂ ಇಟ್ಟುಕೊಂಡರು. ಮುದಗಲ್ಲಿನಲ್ಲಿ ಸೂರ್ಯನು ನೆತ್ತಿಯ ಮೇಲೆ ಬರುವ ಹೊತ್ತಿಗೆ ಮದರಾಸಿನ ಗಡಿಯಾರವು ಹನ್ನೆರಡೂ ಕಾಲನ್ನು ತೋರಿಸುವದು. ನೆರಳನ್ನು ನೋಡಿ ಹೊತ್ತು ತಿಳಿಯುವ ರೈತನು ಸ್ಟೇಷನ್ನಿಗೆ ಸರಿಯಾದ ವೇಳೆಗೇ ಬಂದೆನೆಂದುಕೊಂಡು ಬಂದರೆ, ಬಂಡಿಯು ಕಾಲು ಗಂಟೆ ಮೊದಲೇ ಹೋಗಿಬಿಟ್ಟಿರುವ ಸಂಭವವಿದ್ದಿತು. ಬಂಡಿಯು ಹೊರಡುವ ಹಿಂದಿನ ದಿನವೇ ಹೋಗಿ ಸ್ಟೇಷನ್ನಿನಲ್ಲಿ ಮಲಗುವ ನಮ್ಮ ಹಿರಿಯರ ಪದ್ಧತಿಯನ್ನು ಕಂಡು ನಗುವವರು ಇದನ್ನು ಗಮನಿಸಬೇಕು. ೧೯೦೬ರ ಜನವರಿ ೧ರಂದು ದೇಶಕ್ಕೆಲ್ಲ ಒಂದೇ ವೇಳೆಯು ಬಂದು, ಸ್ಟೇಷನ್ನಿನ ಮುಳ್ಳು ಇನ್ನೂ ಒಂಬತ್ತು ನಿಮಿಷ ಮುಂದಕ್ಕೆ ಸರಿಯಿತು.

ಮುದಗಲ್ಲಿನಿಂದ ಈ ಸ್ಟೇಷನ್ನಿಗೆ ಹೋಗುವದೆಂದರೆ ಎತ್ತಿನ ಬಂಡಿಯ ಐದು ದಿನಗಳ ಪಯಣ. ದಿನಕ್ಕೆ ಹದಿನೈದು ಮೈಲಿ ನಡೆದರೆ ಎತ್ತುಗಳು ಚೆನ್ನಾಗಿವೆ ಎನ್ನಬೇಕು. ಲಿಂಗಸುಗೂರು, ಕವಿತಾಳ, ಸಿರವಾರಗಳ ಹಾದಿ. ಮನೆಯಲ್ಲಿ ಎರಡು ದಿನ ಮೊದಲಿನಿಂದಲೇ ಜೋಳದ ಕಡಕ ರೊಟ್ಟಿಯನ್ನು ಬಡಿದು ಅಡಕವಾಗಿ ಕಟ್ಟುವರು. ಶೇಂಗಾ ಹಿಂಡಿ, ಕೆಂಪು ಚಟ್ನಿ, ಒಂದು ಗಡಿಗೆ ನೀರು, ಎತ್ತುಗಳಿಗೆ ಕಣಿಕೆ. ಮಳೆಗಾಲದಲ್ಲಿ ಎರೆಯ ಹೊಲಗಳ ಹಾದಿಯು ಗಾಲಿಯನ್ನು ಅಚ್ಚಿನ ವರೆಗೂ ನುಂಗುತ್ತಿದ್ದುದರಿಂದ ಐದು ದಿನಗಳು ಎಂಟಾಗುವವು. ಇಷ್ಟೆಲ್ಲ ಕಷ್ಟಪಟ್ಟು ರೈಲು ಹತ್ತಿದ ಮೇಲೆ ತಿರುಪತಿಯ ಬೆಟ್ಟದ ಸಮೀಪದ ರೇಣಿಗುಂಟೆಯು ಒಂದು ಹಗಲು ಒಂದು ರಾತ್ರಿಯ ಮಾತು! ಮೊದಲಾದರೆ ನಡೆದು ಹೋಗುವವರು ತಿಂಗಳುಗಟ್ಟಲೆ ಹಾದಿ ಸವೆಸಬೇಕಾಗಿದ್ದಿತು. ನೂರಾರು ಮೈಲಿಯ ದಾರಿಯು ಒಂದು ದಿನದ್ದಾಯಿತು, ಮೊದಲಿನ ಎಪ್ಪತ್ತು ಮೈಲಿ ಮಾತ್ರ ಇದ್ದ ಹಾಗೆಯೇ ಉಳಿಯಿತು.

ಆ ಎಪ್ಪತ್ತು ಮೈಲಿಯ ನಿಜವಾದ ಬೆಲೆಯು ತಿಳಿದದ್ದು ಧಾತು ಸಂವತ್ಸರದ ಬರದ ಕಾಲಕ್ಕೆ.

ಹಳಿ ಬಿದ್ದು ಐದು ವರ್ಷಗಳಾಗಿದ್ದವು. ೧೮೭೬ರಲ್ಲಿ ಮುಂಗಾರು ಹಿಂಗಾರುಗಳೆರಡೂ ಕೈಕೊಟ್ಟವು. ರಾಯಚೂರು, ಲಿಂಗಸುಗೂರು, ಬಳ್ಳಾರಿ, ಕಲಾದಗಿ, ಧಾರವಾಡಗಳ ಸೀಮೆಯೆಲ್ಲ ಒಣಗಿತು. ೧೮೭೮ರ ವರೆಗೂ ಎಳೆದ ಈ ಕ್ಷಾಮದಲ್ಲಿ ಇಂಗ್ಲಿಷರ ಪ್ರಾಂತಗಳಲ್ಲಿಯೇ ಐವತ್ತು ಲಕ್ಷಕ್ಕೆ ಮಿಕ್ಕಿ ಜನರು ಅಳಿದರೆಂದು ಇತಿಹಾಸಕಾರರ ಅಂದಾಜು. ರೈಲು ಇದ್ದುದರಿಂದ ಬಡಗಣ ಸೀಮೆಯ ಧಾನ್ಯವು ಬೊಂಬಾಯಿಯ ಕಡೆಯಿಂದ ರಾಯಚೂರಿನ ಮೇಲೆ ಹಾದು ಮದರಾಸು ಪ್ರಾಂತಕ್ಕೆ ಇಳಿಯಿತು. ಇದು ರೈಲಿನವರು ಹೆಮ್ಮೆಯಿಂದ ಹೇಳಿಕೊಳ್ಳಬಹುದಾದ ಮಾತೇ ಸರಿ. ಹಳಿ ಇರದಿದ್ದರೆ ಹಳಿಯ ಪಕ್ಕದ ಊರುಗಳೂ ಉಳಿಯುತ್ತಿರಲಿಲ್ಲ.

ಆದರೆ ಇನ್ನೊಂದು ಮಗ್ಗಲನ್ನೂ ನೋಡಬೇಕು. ಸ್ಟೇಷನ್ನಿನಲ್ಲಿ ಇಳಿದ ಕಾಳಿನ ಚೀಲವು ಮುದಗಲ್ಲಿನಂಥ ಊರನ್ನು ಮುಟ್ಟುವದು ಹೇಗೆ? ಬಂಡಿಯ ಮೇಲೆ. ಬಂಡಿಯನ್ನು ಎಳೆಯುವವು ಎತ್ತುಗಳು. ಮಳೆ ಹೋದರೆ ಮನುಷ್ಯನಿಗೆ ಕಾಳು ಇಲ್ಲವಾಗುವ ಮೊದಲೇ ಎತ್ತಿಗೆ ಮೇವು ಇಲ್ಲವಾಗುವದು, ಹಾದಿಯ ಕೆರೆ ಹಳ್ಳಗಳಲ್ಲಿ ನೀರು ಇಲ್ಲವಾಗುವದು. ಬರದ ಸೀಮೆಯಲ್ಲೆಲ್ಲ ದನಗಳು ಸತ್ತು ಬಿದ್ದವು. ಹೋಗುವ ಐದು ದಿನ, ಬರುವ ಐದು ದಿನ, ಹತ್ತು ದಿನಗಳ ಮೇವನ್ನು ಬಂಡಿಯಲ್ಲಿಯೇ ಹೊತ್ತರೆ ಕಾಳಿಗೆ ಉಳಿಯುವ ಜಾಗವೆಷ್ಟು? ಹೀಗಾಗಿ ಉಗಿಬಂಡಿಯು ಸಾವಿರ ಮೈಲಿಯಿಂದ ತಂದದ್ದನ್ನು ಎತ್ತಿನ ಬಂಡಿಯು ಎಪ್ಪತ್ತು ಮೈಲಿಗೆ ಒಯ್ಯಲಾರದೆ ಹೋಯಿತು. ಹಳಿಯು ಇನ್ನೊಂದು ಕೆಲಸವನ್ನೂ ಮಾಡಿತ್ತು. ಮೊದಲು ಒಂದೂರಿನ ಹಗೇವಿನ ಜೋಳವು ಆ ಊರಿನಲ್ಲಿಯೇ ಇರುತ್ತಿದ್ದಿತು. ಸಾಗಿಸಲು ಹಾದಿಯಿಲ್ಲದ್ದೇ ಅದಕ್ಕೆ ಕಾವಲು. ಹಳಿ ಬಂದ ಮೇಲೆ ಹೆಚ್ಚಿನ ಬೆಲೆ ಎಲ್ಲಿದೆಯೋ ಅಲ್ಲಿಗೆ ಕಾಳು ಓಡಿತು. ಬೆಲೆಯು ಎಲ್ಲ ಕಡೆಗೂ ಒಂದೇ ಸಮನಾಗಿ ಏರಿತು. ಕೂಲಿಯು ಹಾಗೆ ಏರಲಿಲ್ಲ. ರಾಯಚೂರಿನ ಮೇಲೆ ಧಾನ್ಯ ತುಂಬಿದ ಡಬ್ಬಿಗಳು ಸಾಲುಗಟ್ಟಿ ಹಾದುಹೋಗುತ್ತಿದ್ದ ದಿನಗಳಲ್ಲಿಯೇ ದೋಆಬದ ಹಳ್ಳಿಗಳು ಹಸಿದು ಬರಿದಾದವೆಂಬದನ್ನು ನಾವು ರೈಲಿನ ಇತಿಹಾಸದಲ್ಲಿಯೇ ಬರೆಯಬೇಕಾದ ಸಂಗತಿಯೆಂದು ಭಾವಿಸುತ್ತೇವೆ.

ಸರಕಾರವೂ ಅಷ್ಟುಮಟ್ಟಿಗೆ ಪಾಠ ಕಲಿಯಿತು. ೧೮೮೦ರ ಕ್ಷಾಮ ಕಮಿಷನ್ನಿನವರು ಬರಪೀಡಿತ ಸೀಮೆಗಳಲ್ಲಿ ಕೂಡಲೇ ೫,೦೦೦ ಮೈಲಿ ಹೊಸ ಹಳಿಗಳನ್ನು ಹಾಕಬೇಕೆಂದು ಸೂಚಿಸಿದರು. ಅದರ ಫಲವಾಗಿ ೧೮೮೨ರಲ್ಲಿ ಸದರ್ನ್ ಮರಾಠಾ ಕಂಪನಿಯು ಹುಟ್ಟಿತು. ಅದೇ ದಶಕದಲ್ಲಿ ಹೋಟಗಿಯಿಂದ ವಿಜಾಪುರ, ಬಾಗಲಕೋಟೆಗಳ ಮೇಲೆ ಗದಗಿಗೆ ಒಂದು ಹಳಿಯೂ, ಗದಗಿನಿಂದ ಕೊಪ್ಪಳ, ಹೊಸಪೇಟೆಗಳ ಮೇಲೆ ಬಳ್ಳಾರಿಗೆ ಇನ್ನೊಂದು ಹಳಿಯೂ ಬಿದ್ದವು. ಇವು ಮೀಟರಿನ ಅಗಲದ ಕಿರಿಯ ಹಳಿಗಳು. ನಕಾಶೆಯನ್ನು ಬಿಚ್ಚಿ ನೋಡಿರಿ: ಮೂಡಣಕ್ಕೆ ರಾಯಚೂರು, ತೆಂಕಣಕ್ಕೆ ಕೊಪ್ಪಳ, ಪಡುವಣಕ್ಕೆ ಬಾಗಲಕೋಟೆ, ಮೂರು ಕಡೆಗೂ ಹಳಿಗಳು, ನಡುವೆ ಬರಿದಾದ ಜಾಗದಲ್ಲಿ ಮುದಗಲ್ಲು, ಲಿಂಗಸುಗೂರು, ಮಸ್ಕಿ, ಕುಷ್ಟಗಿ, ಸಿಂಧನೂರುಗಳು. ಕೊಪ್ಪಳವು ಮುದಗಲ್ಲಿಗೆ ರಾಯಚೂರಿಗಿಂತ ಹತ್ತಿರ. ಆದರೂ ಬೊಂಬಾಯಿ ಮದರಾಸುಗಳ ದೊಡ್ಡ ಹಳಿಯ ಆಕರ್ಷಣೆಯು ಬೇರೆ. ಮೇಲಾಗಿ ಕಚೇರಿಯ ಕೆಲಸಗಳೂ ಕ್ರಮೇಣ ರಾಯಚೂರಿಗೇ ಎಳೆಯತೊಡಗಿದವು.

ಅದೂ ಒಂದು ವಿಚಿತ್ರವಾದ ಕಥೆ. ಲಿಂಗಸುಗೂರು ಆಗ ಜಿಲ್ಲೆಯ ಮುಖ್ಯಸ್ಥಾನ. ಇಂಗ್ಲಿಷರ ದಂಡಿನ ಛಾವಣಿಯೂ ಅಲ್ಲಿ ಇದ್ದಿತು. ೧೯೦೫ರಲ್ಲಿ ಆ ಜಿಲ್ಲೆಯನ್ನು ತೆಗೆದುಹಾಕಿ ಮುದಗಲ್ಲು ಸಹಿತವಾಗಿ ಅದರ ಒಂದು ಭಾಗವನ್ನು ರಾಯಚೂರಿಗೆ ಸೇರಿಸಿದರು. ಹಳಿ ಇಲ್ಲದ ಜಿಲ್ಲೆಯು ಹಳಿ ಇರುವ ಜಿಲ್ಲೆಯಲ್ಲಿ ಕರಗಿತು. ಇದಕ್ಕೆಲ್ಲ ರೈಲೊಂದೇ ಕಾರಣವೆಂದು ನಾವು ಹೇಳೆವು. ಆದರೆ ಜನಸಂಖ್ಯೆಯ ಲೆಕ್ಕವು ಬೇರೆ ಮಾತನ್ನು ಆಡಗೊಡದು. ೧೯೦೧ರಲ್ಲಿ ರಾಯಚೂರಿನ ಜನರು ಸುಮಾರು ೨೨ ಸಾವಿರ, ಮುದಗಲ್ಲಿನವರು ೭ ಸಾವಿರಕ್ಕೆ ಮೇಲೆ. ೨೦೧೧ರಲ್ಲಿ ರಾಯಚೂರು ೨ ಲಕ್ಷ ೩೦ ಸಾವಿರವನ್ನು ಮೀರಿದ್ದಿತು. ಮುದಗಲ್ಲು ೨೨ ಸಾವಿರದ ಆಸುಪಾಸಿಗೆ ಬಂದಿದ್ದಿತು. ಅಂದರೆ ರಾಯಚೂರು ೧೯೦೧ರಲ್ಲಿ ನಿಂತಿದ್ದ ಮೆಟ್ಟಿಲನ್ನು ಏರಲು ಮುದಗಲ್ಲಿಗೆ ಮತ್ತೆ ನೂರಾ ಹತ್ತು ವರ್ಷಗಳು ಬೇಕಾದವು. ಅವಳಿ ಕೋಟೆಗಳಲ್ಲಿ ಒಂದರ ಹೊರಗೆ ಹತ್ತಿ ಹಿಂಜುವ ಗಿರಣಿಗಳು, ಎಣ್ಣೆಯ ಗಾಣಗಳು, ಅಡತಿ ಅಂಗಡಿಗಳು ಎದ್ದವು. ಇನ್ನೊಂದರಲ್ಲಿ ಕೋಟೆಯ ಅಗಳು, ಹುಸೇನಿ ಆಲಮಿನ ಮೊಹರಮ್ಮು, ಗೋವೆಯ ಕಡೆಯಿಂದ ಬಂದ ಪಾದ್ರಿಗಳು ಹದಿನಾರನೆಯ ಶತಕದಲ್ಲಿ ಕಟ್ಟಿಸಿದ ಇಗರ್ಜಿ, ಇವು ಉಳಿದವು. ಮೊಹರಮ್ಮಿಗೆ ಮುದಗಲ್ಲಿಗೆ ಬರುವ ಸಾವಿರಾರು ಜನರು ರೈಲಿಲ್ಲವೆಂದು ಎಂದೂ ಬರದೆ ಉಳಿಯಲಿಲ್ಲ, ಆ ಮಾತು ಬೇರೆ.

ರಾಯಚೂರು ಸ್ಟೇಷನ್ನಿನ ಯಜಮಾನರು ಬದಲಾದುದನ್ನು ಸಂಕ್ಷೇಪವಾಗಿ ಹೇಳಿಬಿಡುವೆವು. ೧೯೦೮ರಲ್ಲಿ ಮದರಾಸು ಕಂಪನಿಯ ಹಳಿಯು ಮದರಾಸು ಮತ್ತು ಸದರ್ನ್ ಮರಾಠಾ ಕಂಪನಿಗೆ ಸೇರಿತು. ೧೯೨೫ರಲ್ಲಿ ಜಿ. ಐ. ಪಿ.ಯನ್ನು ಸರಕಾರವೇ ವಹಿಸಿಕೊಂಡಿತು. ೧೯೫೧ರಲ್ಲಿ ಒಂದು ಕಡೆ ದಕ್ಷಿಣ ರೈಲ್ವೆ, ಇನ್ನೊಂದು ಕಡೆ ಮಧ್ಯ ರೈಲ್ವೆ ಎಂದು ಹೊಸ ಹೆಸರುಗಳಾದವು. ಹೆಸರು ಯಾವುದಾದರೂ ರಾಯಚೂರು ಇಬ್ಬರ ಗಡಿಯಾಗಿಯೇ ಬಹುಕಾಲ ಉಳಿಯಿತು.

ನಡುವೆ ಬಂದ ೧೯೪೮ನೆಯ ವರ್ಷವನ್ನು ಮಾತ್ರ ಹೀಗೆ ದಾಟಿ ಹೋಗುವಂತಿಲ್ಲ. ದೇಶವು ಸ್ವತಂತ್ರವಾಗಿದ್ದರೂ ಹೈದರಾಬಾದು ಸಂಸ್ಥಾನವು ಕೂಡಿರಲಿಲ್ಲ. ಹಿಂದುಸ್ತಾನದ ರೈಲುಗಳು ಸಂಸ್ಥಾನದ ನೆಲದ ಮೇಲೆ ಓಡಬೇಕಾಗಿದ್ದವು. ಆ ವರ್ಷದ ಮೇ ೨೨ರಂದು ಇದೇ ಹಳಿಯ ಮೇಲೆ, ಸೊಲ್ಲಾಪುರ ಕಲಬುರ್ಗಿಗಳ ನಡುವಿನ ಗಾಣಗಾಪುರ ಸ್ಟೇಷನ್ನಿನಲ್ಲಿ, ರಜಾಕಾರರು ಮದರಾಸಿನಿಂದ ಬೊಂಬಾಯಿಗೆ ಹೋಗುತ್ತಿದ್ದ ಮೇಲ್ ಗಾಡಿಯ ಪ್ರಯಾಣಿಕರ ಮೇಲೆ ಬಿದ್ದರು. ರಾಯಚೂರನ್ನು ದಾಟಿ ಬಂದ ಗಾಡಿಯದು. ಅದರ ಸುದ್ದಿಯು ದೇಶವನ್ನೆಲ್ಲ ನಡುಗಿಸಿತು. ಸೆಪ್ಟೆಂಬರ ೧೭ರಂದು ಸಂಸ್ಥಾನವು ಶರಣಾದ ಮೇಲೆ ಎರಡು ರಾಜ್ಯ, ಎರಡು ಅಧಿಕಾರಗಳ ಗೊಂದಲವು ಪ್ಲಾಟಫಾರ್ಮಿನಿಂದ ತೊಲಗಿತು. ೧೯೫೬ರ ನವೆಂಬರ ೧ರಂದು ರಾಯಚೂರು ಕನ್ನಡ ನಾಡನ್ನು ಸೇರಿದಾಗ ಸ್ಟೇಷನ್ನಿನ ಹಮಾಲರ ಭಾಷೆಯೂ ಸರಕಾರದ ಭಾಷೆಯೂ ಒಂದಾಗುವ ಕಾಲ ಬಂದಿತೆನ್ನಬಹುದು.

ತರುವಾಯದ ದಿನಗಳಲ್ಲಿ ಸರಕು ಬದಲಾಯಿತು. ೧೯೫೩ರಲ್ಲಿ ತುಂಗಭದ್ರೆಯ ಅಣೆಕಟ್ಟು ಮುಗಿದು ಎಡದಂಡೆಯ ಕಾಲುವೆಗೆ ನೀರು ಬಂದ ಮೇಲೆ ಸಿಂಧನೂರು ಮಾನವಿಗಳ ಜೋಳ ಹತ್ತಿಯ ಹೊಲಗಳು ಭತ್ತದ ಗದ್ದೆಗಳಾದವು. ೧೯೮೫ರಲ್ಲಿ ಕೃಷ್ಣೆಯ ದಡದ ಶಕ್ತಿನಗರದಲ್ಲಿ ಕಲ್ಲಿದ್ದಲಿನಿಂದ ವಿದ್ಯುತ್ತನ್ನು ಮಾಡುವ ಕಾರಖಾನೆಯು ಆರಂಭವಾಗಿ, ಅದರ ಒಲೆಗೆ ಇದ್ದಲು ಹಳಿಯ ಮೇಲೆಯೇ ಬರತೊಡಗಿತು. ೨೦೧೩ರಲ್ಲಿ ಗದ್ವಾಲಿಗೆ ಹೊಸ ಹಳಿಯಾಗಿ ರಾಯಚೂರು ಮೂಡಣಕ್ಕೂ ತೆರೆಯಿತು. ೨೦೨೩ರ ಅಕ್ಟೋಬರ ೧ರಂದು ಜಕ್ಲೇರ ಕೃಷ್ಣಾ ನಡುವಿನ ೩೭ ಕಿಲೋಮೀಟರಿನ ಹಳಿಯು ಉದ್ಘಾಟನೆಯಾಗಿ, ಮಹಬೂಬನಗರದ ಮೇಲೆ ಹೈದರಾಬಾದಿಗೆ ಇನ್ನೊಂದು ಹಾದಿಯಾಯಿತು. ೧೮೭೪ರಿಂದ ಇದ್ದ ವಾಡಿಯ ಸುತ್ತು ಹೀಗೆ ತಪ್ಪಿತು. ಒಂದೂವರೆ ಶತಕವೇ ಹಿಡಿಯಿತಲ್ಲ! ಗಿಣಿಗೇರಿಯಿಂದ ಗಂಗಾವತಿ, ಕಾರಟಗಿಗಳ ಮೇಲೆ ರಾಯಚೂರಿಗೆ ಬರಬೇಕಾದ ಹಳಿಯು ೨೦೨೪ರಲ್ಲಿ ಸಿಂಧನೂರಿನ ವರೆಗೆ ಬಂದು ಮುಟ್ಟಿತು.

ಇನ್ನು ಮುದಗಲ್ಲಿನ ಮಾತು. ಗದಗಿನಿಂದ ವಾಡಿಗೆ ಸುಮಾರು ೨೫೦ ಕಿಲೋಮೀಟರಿನ ಹೊಸ ಹಳಿಯೊಂದಕ್ಕೆ ೨೦೧೩ರ ಸುಮಾರಿಗೆ ಮಂಜೂರಾತಿ ದೊರೆಯಿತು. ಯಲಬುರ್ಗಾ, ಕುಷ್ಟಗಿ, ಮುದಗಲ್ಲು, ಲಿಂಗಸುಗೂರು, ಸುರಪುರ, ಶಹಾಪುರಗಳ ಮೇಲೆ ಅದು ಹಾಯಬೇಕು. ೧೮೮೦ರ ದಶಕದಲ್ಲಿ ಮೂರು ಹಳಿಗಳ ನಡುವೆ ಬಿಟ್ಟುಹೋದ ಆ ಬರಿದಾದ ಜಾಗವನ್ನು ಮಧ್ಯದಲ್ಲಿ ಸೀಳಿಕೊಂಡು ಹೋಗುವ ಗೆರೆಯಿದು. ೨೦೨೫ರ ಮೇ ತಿಂಗಳಲ್ಲಿ ತಳಕಲ್ಲಿನಿಂದ ಕುಷ್ಟಗಿಯ ವರೆಗಿನ ಭಾಗವು ತೆರೆದು, ಹುಬ್ಬಳ್ಳಿಯಿಂದ ಕುಷ್ಟಗಿಗೆ ರೈಲು ಬಂದಿತು. ಆ ಊರಿನವರು ಕಂಡ ಮೊದಲನೆಯ ರೈಲು ಅದು. ಮುಂದಿನ ಹೆಜ್ಜೆ ಮುದಗಲ್ಲು.

ಸ್ಟೇಷನ್ನು ಊರಿಗೆ ಎಷ್ಟು ಹತ್ತಿರ ಬರುವದು, ಅಲ್ಲಿಗೆ ಹೋಗುವ ರಸ್ತೆಯು ಮಳೆಗಾಲದಲ್ಲಿಯೂ ನಡೆಯುವಂಥದ್ದೇ, ಕಾಳು ಕಡಿಯ ಚೀಲಗಳನ್ನು ಇರಿಸಲು ಗೋದಾಮು ಕಟ್ಟುವರೇ ಎಂದು ನಮ್ಮ ಗೃಹಸ್ಥರು ಈಗಲೇ ವಿಚಾರಿಸಿಕೊಳ್ಳುವದು ಒಳ್ಳೆಯದು. ಈ ಹಳಿಯು ರಾಯಚೂರಿಗೆ ಹೋಗುವದಿಲ್ಲವೆಂಬದನ್ನೂ ನೆನಪಿಡತಕ್ಕದ್ದು. ಅದು ಪಡುವಣದಲ್ಲಿ ಗದಗು ಹುಬ್ಬಳ್ಳಿಗಳನ್ನೂ ಬಡಗಣದಲ್ಲಿ ವಾಡಿಯನ್ನೂ ಕೂಡಿಸುವದು. ತಿರುಪತಿಗೆ ಹೋಗುವ ಮುದಗಲ್ಲಿನ ಮುದುಕಿಯು ಮುಂದೆ ತನ್ನ ಊರಿನಲ್ಲಿಯೇ ರೈಲು ಹತ್ತಿ ವಾಡಿಯಲ್ಲಿ ಗಾಡಿ ಬದಲಿಸಿದಳಾದರೆ, ಅವಳು ರಾಯಚೂರು ಸ್ಟೇಷನ್ನನ್ನು ಕಿಟಕಿಯಿಂದ ನೋಡುತ್ತ ದಾಟುವಳು.